ಹಗರಿಯ ಮರಳು, ಪೆನ್ನೆಯ ಕಂದರ

ಮಂಗಳೂರಿನ ಪಡೀಲು ದಾಟುವಾಗ ಇನ್ನೂ ಬೆಳಕು ಹರಿದಿಲ್ಲ. ದಕ್ಕೆಯಿಂದ ಹೊರಟ ಮೀನಿನ ಲಾರಿಗಳು ಹೆದ್ದಾರಿಯುದ್ದಕ್ಕೂ ಉಪ್ಪುನೀರು ಸುರಿಸಿಕೊಂಡು ಹೋಗಿವೆ. ಆ ವಾಸನೆಯ ಬೆನ್ನಿಗೇ ನನ್ನ ಬುಲೆಟ್ಟು. ಫರಂಗಿಪೇಟೆಯಲ್ಲಿ ಬಲಗಡೆ ನೇತ್ರಾವತಿ ಕಾಣಿಸಿಕೊಳ್ಳುತ್ತಾಳೆ, ಮೈತುಂಬ ಮಂಜು ಹೊದ್ದು. ತೆಂಗು, ಅಡಿಕೆ, ಹಂಚಿನ ಮಾಡು, ಪಾಚಿ ಹಿಡಿದ ಕೆಂಪುಕಲ್ಲಿನ ಪಾಗಾರ. ಮಳೆಗಾಲ ಮುಗಿದು ಮಾಗಿ ಬಂದಿದ್ದರೂ ಇಲ್ಲಿ ಮುಟ್ಟಿದ್ದಕ್ಕೆಲ್ಲ ಪಸೆ ಇದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಊರು ನಮ್ಮದು. ನಾನು ಹೊರಟಿರುವುದು ಅನಂತಪುರದ ಕಡೆಗೆ. ಅಲ್ಲಿ ಇಡೀ ವರ್ಷಕ್ಕೆ ಬೀಳುವುದು ಸುಮಾರು 550. ನಮ್ಮಲ್ಲಿ ಜುಲೈ ಒಂದೇ ತಿಂಗಳು ಅದಕ್ಕಿಂತ ಹೆಚ್ಚು ಸುರಿದು ಕೈತೊಳೆದುಕೊಳ್ಳುತ್ತದೆ. ಆ ಒಣನಾಡಿನಲ್ಲಿ ಮರಳಿನ ದಿಬ್ಬಗಳಿವೆ, ಅದರಾಚೆ ನದಿ ಕೊರೆದ ಕಂದರವಿದೆ. ಎರಡನ್ನೂ ಕಣ್ಣಾರೆ ಕಾಣಬೇಕು.

ಇದೇ ದಿಕ್ಕಿಗೆ ನನಗಿಂತ ಇನ್ನೂರು ಚಿಲ್ಲರೆ ವರ್ಷ ಮೊದಲು ಹೋದವನು ಥಾಮಸ್ ಮನ್ರೋ. ಟಿಪ್ಪು ಬಿದ್ದ 1799ರಲ್ಲಿ ಕಂಪನಿ ಸರ್ಕಾರ ಅವನನ್ನು ಕೆನರಾ ಜಿಲ್ಲೆಯ ಕಲೆಕ್ಟರನನ್ನಾಗಿ ಕಳಿಸಿತು. ಈ ಸೀಮೆ ಅವನಿಗೆ ಒಗ್ಗಲಿಲ್ಲ. 1800ರಲ್ಲಿ ನಿಜಾಮ ಬಿಟ್ಟುಕೊಟ್ಟ ಬಳ್ಳಾರಿ, ಅನಂತಪುರ, ಕಡಪದ ನಾಡಿಗೆ ವರ್ಗವಾಗಿ ಹೋದ. 1807ರವರೆಗೆ ಅಲ್ಲಿ ಕುದುರೆಯ ಬೆನ್ನ ಮೇಲೆ, ಡೇರೆಯಿಂದ ಡೇರೆಗೆ ತಿರುಗುತ್ತ ಹೊಲ ಅಳೆಸಿದ. ಆ ನೆಲವನ್ನು ಎಷ್ಟು ಹಚ್ಚಿಕೊಂಡನೆಂದರೆ, 1827ರಲ್ಲಿ ಮದರಾಸಿನ ಗವರ್ನರನಾಗಿದ್ದಾಗಲೂ ಅದನ್ನೇ ಮತ್ತೆ ನೋಡಲು ಬಂದು ಪತ್ತಿಕೊಂಡದಲ್ಲಿ ಕಾಲರಾಕ್ಕೆ ಬಲಿಯಾದ. ಹಸಿರು ಬಿಟ್ಟು ಒಣನೆಲವನ್ನು ಒಬ್ಬ ಮನುಷ್ಯ ಹೀಗೆ ಯಾಕೆ ಪ್ರೀತಿಸುತ್ತಾನೆ? ಚಾರ್ಮಾಡಿಯ ಮೊದಲ ತಿರುವಿನಿಂದಲೇ ಈ ಪ್ರಶ್ನೆ ನನ್ನ ಜೊತೆಗೆ ಹಿಂದಿನ ಸೀಟಿನಲ್ಲಿ ಕೂತಿದೆ.

ಘಾಟಿಯಲ್ಲಿ ಗಾಡಿಯ ಸದ್ದು ಬಂಡೆಗೆ ಬಡಿದು ನನಗೇ ಮರಳುತ್ತದೆ. ಅಣ್ಣಪ್ಪಸ್ವಾಮಿ ಗುಡಿಯೆದುರು ಲಾರಿಗಳು ನಿಧಾನಿಸುತ್ತವೆ, ಕಿಟಕಿಯಿಂದ ಒಂದು ಕೈ ಹೊರಬರುತ್ತದೆ, ನಾಣ್ಯ ಠಣ್ಣೆನ್ನುತ್ತದೆ. ಮಳೆಗಾಲದಲ್ಲಿ ರಸ್ತೆಗೇ ಧುಮುಕುವ ಝರಿಗಳು ಈಗ ಬೆರಳಷ್ಟು ದಪ್ಪ, ಆದರೂ ಬಿಡದೆ ಗುಣುಗುಣು ಅನ್ನುತ್ತಿವೆ. ಮಲಯಮಾರುತ ದಾಟಿದೊಡನೆ ಚಳಿ ಕೊರಳಿಗೆ ಬೀಳುತ್ತದೆ. ಮೂಡಿಗೆರೆಯ ಕಣಗಳಲ್ಲಿ ಕಾಫಿಹಣ್ಣು ಹರವಿದ್ದಾರೆ. ಹುಳಿ ಸಿಹಿ ಬೆರೆತ ಘಮ. ಚಿಕ್ಕಮಗಳೂರು ಕಳೆದು ಕಡೂರಿನತ್ತ ಇಳಿಯುವಾಗ ಆಗುವುದೇ ಅದ್ಭುತ: ಹತ್ತಿಪ್ಪತ್ತು ಮೈಲಿಯೊಳಗೆ ಕಾಡು ತೋಪಾಗಿ, ತೋಪು ಹೊಲವಾಗಿ, ಹೊಲ ಬಯಲಾಗಿ ಬಿಚ್ಚಿಕೊಳ್ಳುತ್ತದೆ. ಕಡಲಿನಿಂದ ಬಂದ ಮೋಡಗಳು ಹೊತ್ತ ನೀರನ್ನೆಲ್ಲ ಘಟ್ಟದ ನೆತ್ತಿಯಲ್ಲೇ ಇಳಿಸಿ, ಹಗುರಾಗಿ ಈ ಬಯಲಿನ ಮೇಲೆ ಹಾರಿಹೋಗುತ್ತವೆ. ಭೂಗೋಳದ ಪಾಠದಲ್ಲಿ ಓದಿದ್ದ ಮಳೆಯ ನೆರಳು ಇಲ್ಲಿ ಕಣ್ಣೆದುರೇ ಬಿದ್ದುಕೊಂಡಿದೆ. ಗಾಳಿ ಮಾತ್ರ ದಂಡಿಯಾಗಿದೆ. ಹೊಸದುರ್ಗ, ಚಿತ್ರದುರ್ಗದ ಗುಡ್ಡಗಳ ಸಾಲಿಗೆ ಸಾಲೇ ಗಾಳಿಯಂತ್ರಗಳು ಬಿಳಿ ರೆಕ್ಕೆ ತಿರುಗಿಸುತ್ತಿವೆ.

ಚಳ್ಳಕೆರೆಯ ಹೊರಗೆ ಶೇಂಗಾ ಕಿತ್ತ ಹೊಲಗಳು. ಹೊಟ್ಟಿನ ರಾಶಿ, ಎಣ್ಣೆ ಗಾಣದ ಕಮಟು, ಜಾಲಿಯ ಮುಳ್ಳಿನ ನಡುವೆ ಹಳದಿ ಹೂವು. ಕಂಬಳಿ ನೇಯುವ ಊರು ಇದು. ರಸ್ತೆಬದಿಯ ಕುರಿಹಿಂಡಿನ ಹಿಂದೆ ನಿಂತ ಹಿರಿಯರ ಹೆಗಲ ಮೇಲೂ ಕಪ್ಪು ಕಂಬಳಿ. ಗಾಡಿಯ ನಂಬರು ನೋಡಿ ಕೇಳುತ್ತಾರೆ: ‘ಮಂಗ್ಳೂರಾ? ಸಮುದ್ರ ಐತಲ್ಲ ಅಲ್ಲಿ. ಅಷ್ಟು ನೀರೂ ಉಪ್ಪೇನಪ್ಪ?’ ಹೌದೆನ್ನುತ್ತೇನೆ. ಅವರು ಬಹಳ ಹೊತ್ತು ಮಾತಾಡುವುದಿಲ್ಲ. ಆಮೇಲೆ, ‘ಮಳೆ?’ ಎನ್ನುತ್ತಾರೆ. ನಾನು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಕಥೆ ಹೇಳುತ್ತೇನೆ: ಕೊಡೆ ಮಡಚದ ವಾರಗಳು, ಒಣಗದ ಬಟ್ಟೆ, ರಾತ್ರಿಯಿಡೀ ಹಂಚಿನ ಮೇಲಿನ ಸದ್ದು. ಅವರು ಪುರಾಣ ಕೇಳುವ ಮುಖದಲ್ಲಿ ಕೇಳುತ್ತಾರೆ, ನಡುವೆ ಒಂದು ಸಲ ಕಣ್ಣು ಮುಚ್ಚಿ.

ನೇತ್ರಾವತಿಯ ಕೊಳ್ಳಕ್ಕೆ ಸೇರುವ ಎತ್ತಿನಹೊಳೆಯಿಂದ 24 ಟಿಎಂಸಿ ನೀರನ್ನು ಮೂಡಣದ ಜಿಲ್ಲೆಗಳಿಗೆ ಏರಿಸುವ ಯೋಜನೆಯ ವಿರುದ್ಧ ನಮ್ಮೂರಿನಲ್ಲಿ ಎದ್ದ ಕೂಗು ನನಗೆ ಗೊತ್ತು. ಅದಕ್ಕಾಗಿ ಘಟ್ಟದ ಕಾಡು ಕಡಿಯುವುದನ್ನು ನೆನೆದರೆ ಈಗಲೂ ಸಂಕಟವೇ. ಆದರೆ ಈ ಹಿರಿಯರು ಕಣ್ಣು ಮುಚ್ಚಿದ ಆ ಗಳಿಗೆಯೂ ನನ್ನೊಳಗೆ ಹೊಕ್ಕಿದೆ. ಎರಡನ್ನೂ ಹೊತ್ತುಕೊಂಡೇ ಮುಂದೆ ಹೋಗುತ್ತೇನೆ. ಆ ನೀರು ತಲುಪಬೇಕಾದ ಚಿಕ್ಕಬಳ್ಳಾಪುರದ ನಂದಿಯ ಬೆಟ್ಟಸಾಲಿನಲ್ಲೇ ಹುಟ್ಟುವವಳು ಉತ್ತರ ಪಿನಾಕಿನಿ. ಗೌರಿಬಿದನೂರು ಕಳೆದು ಆಂಧ್ರಕ್ಕೆ ಕಾಲಿಟ್ಟು ಪೆನ್ನಾ ಆಗುತ್ತಾಳೆ. ನಾನು ನೋಡಹೊರಟ ಕಂದರ ಅವಳದ್ದೇ.

ಮೊಳಕಾಲ್ಮುರಿನ ಹತ್ತಿರ ದಾರಿಯಿಂದ ಸ್ವಲ್ಪ ಹೊರಳಿದರೆ ಬ್ರಹ್ಮಗಿರಿ. ಗುಂಡುಕಲ್ಲುಗಳ ಬೆಟ್ಟ, ಅದರ ಬುಡದಲ್ಲಿ ಅಶೋಕನ ಶಾಸನ. 1892ರಲ್ಲಿ ಬಿ.ಎಲ್. ರೈಸ್ ಅದನ್ನು ಬೆಳಕಿಗೆ ತಂದಾಗ ಮೌರ್ಯರ ಆಳ್ವಿಕೆ ಕನ್ನಡ ನೆಲದವರೆಗೂ ಚಾಚಿತ್ತೆಂಬುದಕ್ಕೆ ಕಲ್ಲಿನ ಸಾಕ್ಷಿ ಸಿಕ್ಕಿತು. 1947ರಲ್ಲಿ ಮಾರ್ಟಿಮರ್ ವೀಲರ್ ಇಲ್ಲಿ ಅಗೆಸಿದ. ನಾನಿರುವಾಗ ಅಲ್ಲಿದ್ದವು ಎರಡು ಆಡು, ಅವುಗಳ ಕೊರಳ ಗಂಟೆ.

ರಾಯದುರ್ಗಕ್ಕೆ ಗಡಿ ದಾಟಿದ್ದು ಬೋರ್ಡಿನ ಲಿಪಿಯಿಂದಷ್ಟೇ ತಿಳಿಯುತ್ತದೆ. ಮಾತು ಕನ್ನಡದ್ದೇ, ತೆಲುಗಿನ ಅಂಚು ಹೊಲಿದದ್ದು. ಉಗ್ಗಾನಿ, ಮೆಣಸಿನಕಾಯಿ ಬಜ್ಜಿ ಬಡಿಸುವ ಹೆಂಗಸು ಗಂಡನಿಗೆ ತೆಲುಗಿನಲ್ಲಿ ಗದರಿ, ನನಗೆ ಕನ್ನಡದಲ್ಲಿ ‘ಇನ್ನಷ್ಟು ಹಾಕ್ಲಾ’ ಅನ್ನುತ್ತಾಳೆ. ಮರಳುಗುಡ್ಡದ ದಾರಿ ಕೇಳಿದರೆ ಅಂಗಡಿಯಲ್ಲಿದ್ದವರೆಲ್ಲ ಒಟ್ಟಿಗೆ ಉತ್ತರದ ಕಡೆ ಕೈ ತೋರಿಸುತ್ತಾರೆ.

ಬೊಮ್ಮನಹಾಳದ ಹತ್ತಿರದ ದರ್ಗಾ ಹೊನ್ನೂರು. ಹೊಲಗಳ ನಡುವಿನ ರಸ್ತೆ ನೆಟ್ಟಗೆ ಹೋಗುತ್ತಿರುತ್ತದೆ. ಜೋಳದ ಪೈರಿನಾಚೆ ಇದ್ದಕ್ಕಿದ್ದಂತೆ ತಿಳಿಹಳದಿಯ ಬೆನ್ನೊಂದು ಮೇಲೇಳುತ್ತದೆ. ಅದರ ಹಿಂದೆ ಇನ್ನೊಂದು. ಗಾಡಿ ನಿಲ್ಲಿಸಿ ಚಪ್ಪಲಿ ಕಳಚಿ ಹತ್ತುತ್ತೇನೆ. ಹೊರಮೈ ಸುಡುತ್ತದೆ, ಪಾದ ಹೂತುಹೋದಲ್ಲಿ ತಂಪು. ಪಣಂಬೂರಿನ ಹೊಯಿಗೆ ಗೊತ್ತಿದ್ದ ಕಾಲಿಗೆ ಈ ಮರಳು ಬೇರೆಯೇ: ನುಣುಪು, ಹಗುರ, ಹಿಡಿದಷ್ಟೂ ಬೆರಳ ಸಂದಿಯಿಂದ ಹರಿದೋಡುವಂಥದ್ದು. ದಿಬ್ಬದ ಮೈಮೇಲೆ ಗಾಳಿ ಗೀರಿದ ಗೆರೆಗಳು. ಅವುಗಳ ಮೇಲೆ ಜೀರುಂಡೆಯೊಂದು ನಡೆದುಹೋದ ಹೊಲಿಗೆ. ನೆತ್ತಿ ತಲುಪಿದರೆ ಕಿವಿಯಲ್ಲಿ ಒಂದೇ ಸಮನೆ ಸುಯ್ಯೆಂಬ ಸದ್ದು. ಅದು ಗಾಳಿಯದಲ್ಲ, ಕಾಲಡಿಯಲ್ಲಿ ಜಾರುತ್ತಿರುವ ಮರಳಿನದು.

ಇಷ್ಟು ಮರಳು ಇಲ್ಲಿಗೆ ಬಂದದ್ದಾದರೂ ಹೇಗೆ? ಉತ್ತರ ಪಕ್ಕದಲ್ಲೇ ಮಲಗಿದೆ: ಹಗರಿ. ಹಿರಿಯೂರಿನ ಕಡೆ ವೇದಾವತಿಯೆಂದು ಕರೆಸಿಕೊಂಡು, 1907ರಲ್ಲಿ ಮುಗಿದ ವಾಣಿವಿಲಾಸ ಸಾಗರದಲ್ಲಿ ನಿಂತು, ಅಲ್ಲಿಂದ ಇಲ್ಲಿಗೆ ಹೊಳೆಯ ಹೆಸರಷ್ಟೇ ಉಳಿಸಿಕೊಂಡು ಬರುವವಳು. ಪಾತ್ರ ಅಗಲವಾಗಿದೆ, ನೀರಿಲ್ಲ. ಮುಂಗಾರಿನಲ್ಲಿ ನಮ್ಮ ಕರಾವಳಿಯನ್ನು ತೊಯ್ಯಿಸುವ ಅದೇ ನೈರುತ್ಯದ ಗಾಳಿ ಇಲ್ಲಿಗೆ ಬರಿಗೈಯಲ್ಲಿ ಬರುತ್ತದೆ. ಬಂದು ಒಣಗಿದ ಹೊಳೆಯ ಮರಳನ್ನು ಎತ್ತಿ ಹೊಲಗಳಿಗೆ ಚೆಲ್ಲುತ್ತದೆ. ದಿಬ್ಬದ ಬುಡದಲ್ಲಿ ಎಮ್ಮೆ ಕಾಯುತ್ತಿದ್ದ ಹುಡುಗ ಬೇಲಿಯ ತುದಿಯಷ್ಟೇ ಕಾಣುವ ಒಂದು ಜಾಗ ತೋರಿಸುತ್ತಾನೆ: ‘ಅದು ನಮ್ಮಜ್ಜನ ಹೊಲ ಅಣ್ಣ, ಕೆಳಗೈತೆ.’ ಆಷಾಢದಲ್ಲಿ ಬಂದರೆ ಕಣ್ಣು ಬಿಡಲಾಗದು ಎನ್ನುತ್ತಾನೆ. ಆಷಾಢದಲ್ಲಿ ನಾನು ಕೊಡೆ ಹಿಡಿದಿರುತ್ತೇನೆ. ಅದೇ ಗಾಳಿ, ಅದೇ ತಿಂಗಳು.

ಬಳ್ಳಾರಿಯಲ್ಲಿ ರಾತ್ರಿ ಕಳೆದು ಗುಂತಕಲ್ಲಿನ ಕಡೆ ಹೊರಟರೆ ಎರೆಭೂಮಿ, ಬಿಳಿ ಹತ್ತಿ, ರೈಲಿನ ಕೂಗು. ತಾಡಿಪತ್ರಿ ಹತ್ತಿರವಾಗುತ್ತಿದ್ದಂತೆ ರಸ್ತೆಯ ಎರಡೂ ಬದಿ ಕಲ್ಲುಚಪ್ಪಡಿಗಳು ಒರಗಿ ನಿಲ್ಲುತ್ತವೆ, ಕುಯ್ಯುವ ಯಂತ್ರಗಳ ಕಿರುಚು ಹೆಲ್ಮೆಟ್ಟಿನೊಳಗೂ ಬರುತ್ತದೆ. ಮಂಗಳೂರಿನ ಎಷ್ಟು ಅಡುಗೆಮನೆಗಳ ಕಟ್ಟೆ, ಕಪಾಟಿನ ಹಲಗೆ ಕಡಪದ ಕಪ್ಪುಕಲ್ಲಿನದು! ಆ ಕಲ್ಲಿನ ಸೀಮೆ ಇದು. ಊರೊಳಗೆ ಪೆನ್ನೆಯ ದಡದಲ್ಲಿ ವಿಜಯನಗರ ಕಾಲದ ಬುಗ್ಗ ರಾಮಲಿಂಗೇಶ್ವರ. ಮುಗಿಯದೆ ನಿಂತ ಗೋಪುರಗಳ ಅಡಿಯಿಂದ ಮುಡಿಯವರೆಗೆ ಶಿಲ್ಪ, ಒಂದು ಗೇಣೂ ಬಿಡದೆ. ಹೊರಗೆ ನದಿ ಬತ್ತಿದೆ. ಒಳಗೆ, ಗರ್ಭಗುಡಿಯಲ್ಲಿ, ಲಿಂಗದ ಸುತ್ತ ಊಟೆಯ ನೀರು ನಿಂತು ಮಿನುಗುತ್ತದೆ. ಅರ್ಚಕರು ದೀಪ ಎತ್ತಿ ಅದನ್ನೇ ತೋರಿಸುತ್ತಾರೆ, ದೇವರನ್ನು ತೋರಿಸುವಷ್ಟೇ ಭಕ್ತಿಯಿಂದ.

ಅಲ್ಲಿಂದ ಬೇಲಂ ಗುಹೆಗಳು. ಬೋಳು ಹೊಲದ ಮಧ್ಯೆ ನೆಲಕ್ಕೆ ಬಿದ್ದ ತೂತು. ಮೆಟ್ಟಿಲಿಳಿದರೆ ಊರಷ್ಟು ಅಗಲದ ಕತ್ತಲೆ. 1884ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಇದನ್ನು ದಾಖಲಿಸಿದ. ಬಳ್ಳಾರಿಯ ಸುತ್ತಿನ ಶಿಲಾಯುಗದ ನೆಲೆಗಳನ್ನು ಲೋಕಕ್ಕೆ ತೋರಿಸಿದ ಭೂವಿಜ್ಞಾನಿಯೇ ಈತ. 1980ರ ದಶಕದ ಆರಂಭದಲ್ಲಿ ಜರ್ಮನ್ ತಂಡವೊಂದು ಒಳಗೆಲ್ಲ ತೆವಳಿ ಅಳೆಯಿತು. ಒಟ್ಟು 3,229 ಮೀಟರ್ ಉದ್ದ. ಸುಣ್ಣಕಲ್ಲನ್ನು ನೀರು ಲಕ್ಷಾಂತರ ವರ್ಷ ನೆಕ್ಕಿ ನೆಕ್ಕಿ ಮಾಡಿದ ದಾರಿಗಳಿವು. ಗೋಡೆಗಳ ನುಣುಪಿನಲ್ಲಿ ಹರಿದು ಹೋದ ಹೊಳೆಯ ತಿರುವು ಇನ್ನೂ ಇದೆ. ಮೇಲೆ ತುಟಿ ಒಡೆಯುವ ಒಣಹವೆ, ಒಳಗೆ ಸೆಕೆ, ಬೆವರು, ತೇವ. ಕೆಳಗಿಳಿದಷ್ಟೂ ನನಗೆ ಮಂಗಳೂರಿನ ಮೇ ತಿಂಗಳ ಮಧ್ಯಾಹ್ನದ ಮೈಭಾರ. ಕಲ್ಲಿನ ತೋರಣಗಳನ್ನು ಗೆಣ್ಣಿನಿಂದ ತಟ್ಟಿದರೆ ಸ್ವರ ಹೊಮ್ಮುವ ಕೋಣೆಯೊಂದಿದೆ. ಎಲ್ಲಕ್ಕಿಂತ ಕೆಳಗೆ ಪಾತಾಳಗಂಗೆ: ಸಣ್ಣದೊಂದು ಹರಿವು, ಬಂದದ್ದೆಲ್ಲಿಂದ ಹೋಗುವುದೆಲ್ಲಿಗೆ ಕಾಣದೆ ಕಲ್ಲಿನೊಳಗೆ ನುಸುಳಿಹೋಗುತ್ತದೆ. ಅದರ ಸದ್ದಿಗೆ ಕಿವಿಗೊಟ್ಟು ಕೂತಷ್ಟು ಹೊತ್ತು ಹಿಂದಿನವರು ಸರಿಯಿರೆಂದು ಕೂಗುತ್ತಲೇ ಇರುತ್ತಾರೆ.

ಜಮ್ಮಲಮಡುಗು ಬಿಟ್ಟ ಮೇಲೆ ಎರ್ರಮಲೆಯ ಗುಡ್ಡಗಳು ಕೆಂಪೇರುತ್ತವೆ. ಗಂಡಿಕೋಟದ ಬಾಗಿಲಿನಲ್ಲಿ ರಸ್ತೆ ಕೋಟೆಗೋಡೆಗಳ ನಡುವೆ ಹಾವಿನ ಹೊರಳು ಹೊರಳುತ್ತದೆ. 1652ರಲ್ಲಿ ಫ್ರೆಂಚ್ ರತ್ನವ್ಯಾಪಾರಿ ತಾವರ್ನಿಯೆ ಇಲ್ಲಿಗೆ ಬಂದಾಗ, ವಿಜಯನಗರದ ಸಾಮಂತರಾಗಿದ್ದ ಪೆಮ್ಮಸಾನಿ ನಾಯಕರ ಕೈಯಿಂದ ಗೋಲ್ಕೊಂಡದ ಮೀರ್ ಜುಮ್ಲಾ ಕೋಟೆಯನ್ನು ಆಗಷ್ಟೇ ಕಸಿದಿದ್ದ. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಪ್ರಪಾತವಿದ್ದ ಆ ಏರುದಾರಿಯ ಭಯವನ್ನು ತಾವರ್ನಿಯೆ ತನ್ನ ಪ್ರವಾಸಕಥನದಲ್ಲಿ ಬರೆದಿಟ್ಟಿದ್ದಾನೆ. ಒಳಗೆ ಈಗಲೂ ಒಂದು ಹಳ್ಳಿ ಬದುಕುತ್ತಿದೆ. ಕೋಳಿಗಳು ಕಣಜದ ಮೆಟ್ಟಿಲ ಮೇಲೆ, ಜಾಮಿಯಾ ಮಸೀದಿಯ ಅಂಗಳದಲ್ಲಿ ಪಾರಿವಾಳ, ಮಾಧವರಾಯನ ಗೋಪುರದ ನೆರಳಿನಲ್ಲಿ ಕ್ರಿಕೆಟ್. ಹುಡುಗರು ಚೆಂಡು ಹಿಡಿದೇ ದಾರಿ ತೋರಿಸುತ್ತಾರೆ: ‘ಅಲ್ಲಿ, ಕಲ್ಲು ದಾಟಿ.’

ಕಲ್ಲು ದಾಟುತ್ತೇನೆ. ನೆಲ ಮುಗಿಯುತ್ತದೆ.

ಸುಮಾರು 300 ಅಡಿ ಕೆಳಗೆ ಪೆನ್ನಾ, ಹಸಿರು. ಮೈಲವರಂ ಅಣೆಕಟ್ಟಿನ ಹಿನ್ನೀರು ಕಂದರದೊಳಕ್ಕೆ ಚಾಚಿ ನಿಂತಿದೆ. ಎರಡೂ ಕಡೆಯ ಬಂಡೆಗೋಡೆಗಳು ಚೌಕಚೌಕವಾಗಿ ಸೀಳಿ, ಜೆಪ್ಪುವಿನ ಕಾರ್ಖಾನೆಯಂಗಳದಲ್ಲಿ ಅಡಕಿಟ್ಟ ಹಂಚುಗಳ ಹಾಗೆ ಒಂದರ ಮೇಲೊಂದು ಕೂತಿವೆ; ಬಣ್ಣವೂ ಅದೇ. ಬಿಸಿಲು ಇಳಿದಂತೆ ಕೇಸರಿ ಕುಂಕುಮವಾಗಿ, ಕುಂಕುಮ ನೇರಳೆಯಾಗಿ ತಿರುಗುತ್ತದೆ. ಹದ್ದೊಂದು ನನಗಿಂತ ಕೆಳಗೆ ಹಾರುತ್ತಿದೆ. ಅದರ ಬೆನ್ನು ನೋಡುವ ಭಾಗ್ಯ. ಅಂಚಿನಲ್ಲಿ ಮೊಣಕಾಲೂರಿ ಬಂಡೆಯನ್ನು ತಡವುತ್ತೇನೆ. ಉಗುರಿಗೆ ಸಿಗುವುದು ಮರಳಿನ ಕಾಳುಗಳು, ಗಾಜಿನಷ್ಟು ಗಟ್ಟಿಯಾಗಿ ಬೆಸೆದವು. 150 ಕೋಟಿ ವರ್ಷಕ್ಕೂ ಹಿಂದೆ ಇಲ್ಲಿದ್ದ ಆಳವಿಲ್ಲದ ಕಡಲಿನ ಮರಳು ಇದು. ಕಡಲೂರಿನಿಂದ ಘಟ್ಟ ಹತ್ತಿ, ಬಯಲು ಹಾದು, ಈ ಒಣನಾಡಿನ ಎದೆಗೆ ಬಂದು ನಾನು ಮುಟ್ಟುತ್ತಿರುವುದು ಒಂದು ಸಮುದ್ರದಂಡೆಯನ್ನು! ಹಗರಿಯ ದಿಬ್ಬ, ಬೇಲಂನ ಕತ್ತಲೆ, ಈ ಕಂದರ, ಮೂರರಲ್ಲೂ ನೀರಿನ ಕೈ ಇದೆ. ಮನ್ರೋ ಏನು ಕಂಡನೋ ಅವನಿಗೇ ಗೊತ್ತು. ನನಗೆ ಈ ನೆಲ ಪ್ರಿಯವಾದದ್ದು ಇಲ್ಲಿ, ಈ ಅಂಚಿನಲ್ಲಿ.

ಬೆಳಿಗ್ಗೆ ಕೆಳಗಿನ ಪೇಟೆಯ ಪೆಟ್ರೋಲ್ ಬಂಕಿನಲ್ಲಿ ಟ್ಯಾಂಕು ತುಂಬಿಸುವಾಗ ಹುಡುಗನನ್ನು ಕೇಳುತ್ತೇನೆ, ಈ ಪೆನ್ನಾ ಕಡಲು ಸೇರುವುದೆಲ್ಲಿ? ‘ನೆಲ್ಲೂರು ಸಾರ್,’ ಎಂದು ಅವನು ತೆಲುಗಿನಲ್ಲಿ ದಾರಿ ಹೇಳತೊಡಗುತ್ತಾನೆ: ಪ್ರೊದ್ದಟೂರು, ಮೈದುಕೂರು, ಬದ್ವೇಲು, ಆತ್ಮಕೂರು. ಮಂಗಳೂರು ಇರುವುದು ಪಡುವಣಕ್ಕೆ. ನಾನು ಗಾಡಿಯನ್ನು ಮೂಡಣಕ್ಕೆ ತಿರುಗಿಸುತ್ತೇನೆ.