ಸವೆತದ ಕೂಲಿ

ನಾನು ಪಾಲಿಶ್ ಕೆಲಸದವನು. ಇಪ್ಪತ್ತು ವರ್ಷ ಬೀರು, ಮಂಚ, ಬಾಗಿಲುಗಳಿಗೆ ಲ್ಯಾಕರ್ ಹೊಡೆದೆ. ಒಂದು ಗೀರು ಬಿದ್ದರೆ ಸಾಕು, ಕೂಲಿ ಮುರಿಯುತ್ತಿದ್ದರು. ಈಗ ಗಿಟಾರ್ ರಿಪೇರಿ ಅಂಗಡಿಯಲ್ಲಿದ್ದೇನೆ. ಇಲ್ಲಿ ಗೀರು ಹಾಕೋದಕ್ಕೇ ಕೂಲಿ ಕೊಡ್ತಾರೆ.

ಹೊಸಾ ಬೇಸ್ ಗಿಟಾರ್ ತರ್ತಾರೆ. ‘ಇದನ್ನ ಅರವತ್ತು ವರ್ಷ ಹಳೇದು ಮಾಡ್ಕೊಡಪ್ಪ’ ಅಂತಾರೆ.

ಹೇಗೆ ಮಾಡ್ತೀನಿ, ಕೇಳಿ. ಅಮೆರಿಕದ ಫೆಂಡರ್ ಕಂಪನಿ 1951ರಲ್ಲಿ ಪ್ರಿಸಿಷನ್ ಬೇಸ್ ಅನ್ನು ಮಾರುಕಟ್ಟೆಗೆ ತಂದಿತು. ಆ ಕಾಲದ ಗಿಟಾರುಗಳಿಗೆ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಹೊಡೆಯುತ್ತಿದ್ದರು. ಅದು ತೆಳು ಪದರ. ವರ್ಷ ಕಳೆದಂತೆ ಹಳದಿಗೆ ತಿರುಗುತ್ತದೆ, ಪೆಡಸಾಗುತ್ತದೆ. ಚಳಿಗೆ, ಬಿಸಿಲಿಗೆ ಮರ ಹಿಗ್ಗಿ ಕುಗ್ಗಿದಾಗ ಕೂದಲೆಳೆಯಂತೆ ಬಿರುಕು ಬಿಡುತ್ತದೆ. ಈಗಿನ ಅನೇಕ ಗಿಟಾರುಗಳಿಗೆ ದಪ್ಪ ಪಾಲಿಯೆಸ್ಟರ್ ಪದರ. ಅದು ಅಷ್ಟು ಸುಲಭಕ್ಕೆ ಬಿರಿಯೋದಿಲ್ಲ. ಆದ್ದರಿಂದ ಅದನ್ನು ಕೆರೆದು ತೆಗೆದು, ನೈಟ್ರೋ ಲ್ಯಾಕರ್ ಹೊಡೆದು, ವಾರಗಟ್ಟಲೆ ಒಣಗಿಸಬೇಕು. ಆಮೇಲೆ ಫ್ರೀಜರಿನಲ್ಲಿಟ್ಟು ಹೊರಗೆ ತೆಗೆದರೆ ಟಿಕ್ ಟಿಕ್ ಅಂತ ಬಿರುಕು ಬಿಡುತ್ತದೆ. ಬಲಮೊಳಕೈ ಒರಗುವ ಮೇಲಂಚು, ಬೆಲ್ಟಿನ ಬಕಲ್ ಉಜ್ಜುವ ಬೆನ್ನು, ಇಲ್ಲೆಲ್ಲ ಉಪ್ಪು ಕಾಗದ ಹಿಡಿದು ಮರ ಕಾಣುವ ತನಕ ತಿಕ್ಕುತ್ತೇನೆ. ತಿರುಪು, ಬಿರಡೆಗಳನ್ನು ಆಸಿಡ್ ಹೊಗೆಯಲ್ಲಿಟ್ಟು ಹೊಳಪು ಕೆಡಿಸುತ್ತೇನೆ. ಧೂಳು, ಹೊಗೆ ನನ್ನ ಎದೆಗೇ ಹೋಗೋದು. ಮುಖಕ್ಕೆ ಮಾಸ್ಕ್ ಕೇಳಿ ಪಡೆಯಲು ಅಂಗಡಿಯಲ್ಲಿ ಜಗಳ ಆಡಬೇಕಾಯ್ತು.

ಇದು ನಮ್ಮ ಅಂಗಡಿಯ ಹುಚ್ಚಲ್ಲ. 1995ರಲ್ಲಿ ಫೆಂಡರ್ ಕಂಪನಿಯೇ ‘ರೆಲಿಕ್’ ಅನ್ನೋ ಹೆಸರಲ್ಲಿ ಸವೆಸಿದ ಗಿಟಾರುಗಳನ್ನು ಮಾರಲು ಶುರುಮಾಡಿತು. ಥಳಥಳ ಹೊಳೆಯೋದಕ್ಕಿಂತ ಸವೆದದ್ದಕ್ಕೆ ಹೆಚ್ಚು ದುಡ್ಡು!

ನಮ್ಮವ್ವನ ಕುಡುಗೋಲಿನ ಹಿಡಿಯೂ ಸವೆದಿತ್ತು. ಅವಳ ನಾಲ್ಕು ಬೆರಳಿನ ಗುರುತು ಅದರಲ್ಲಿ ಕೂತಿತ್ತು. ಅದನ್ನು ಸಂತೆಗೆ ಒಯ್ದಿದ್ದರೆ ಯಾರು ಎರಡು ರೂಪಾಯಿ ಜಾಸ್ತಿ ಕೊಡ್ತಿದ್ದರು? ಹಾಗಾದರೆ ಸವೆತಕ್ಕೆ ಬೆಲೆಯೋ, ಸವೆಸಿದ ಕೈಗೆ ಬೆಲೆಯೋ?

ಕೈಗೂ ಬೆಲೆ ಇರಲಿಲ್ಲ ಅನ್ನೋದಕ್ಕೆ ಜೇಮ್ಸ್ ಜೇಮರ್ಸನ್ ಸಾಕ್ಷಿ. ದಕ್ಷಿಣ ಕ್ಯಾರೊಲಿನಾದಿಂದ ಡೆಟ್ರಾಯಿಟ್‌ಗೆ ಬಂದ ಕರಿಯ ಕಲಾವಿದ. ಮೋಟೌನ್ ಕಂಪನಿಯ ಲೆಕ್ಕವಿಲ್ಲದಷ್ಟು ಜನಪ್ರಿಯ ಹಾಡುಗಳಿಗೆ ಬೇಸ್ ನುಡಿಸಿದವನು. ಬಹುಪಾಲು ಬಲಗೈಯ ಒಂದೇ ತೋರುಬೆರಳಲ್ಲಿ ಮೀಟುತ್ತಿದ್ದ. ಹಾಡು ಜಗತ್ತೆಲ್ಲ ಸುತ್ತಿತು. ತಟ್ಟೆಯ ಲಕೋಟೆ ಮೇಲೆ ಮಾತ್ರ ವರ್ಷಗಟ್ಟಲೆ ಆತನ ಹೆಸರಿಲ್ಲ. 1971ರಲ್ಲಿ ಮಾರ್ವಿನ್ ಗೇ ಹಾಡಿದ ‘ವಾಟ್ಸ್ ಗೋಯಿಂಗ್ ಆನ್’ ಬಂದಾಗ ಅದು ಅಚ್ಚಾಯಿತು. ಆತನ 1962ರ ಪ್ರಿಸಿಷನ್ ಬೇಸ್ 1983ರಲ್ಲಿ, ಆತ ಸಾಯುವುದಕ್ಕೆ ಸ್ವಲ್ಪ ಮೊದಲು, ಕಳುವಾಯಿತು. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ನ ಗೌರವ ಸಿಕ್ಕಿದ್ದು 2000ದಲ್ಲಿ, ಸತ್ತು ಹದಿನೇಳು ವರ್ಷಕ್ಕೆ.

ಬಾರಿಸೋ ಹುಡುಗರನ್ನ ನಾನು ಬಯ್ಯೋದಿಲ್ಲ. ಆರ್ಕೆಸ್ಟ್ರಾದ ಹುಡುಗನೊಬ್ಬ ಹೇಳಿದ: ‘ಅಣ್ಣಾ, ಹೊಸದಾದ್ರೆ ಗೀರು ಬಿದ್ದೀತು ಅಂತ ಕೈ ಹೆದರ್ತದೆ. ಇದಾದ್ರೆ ಧೈರ್ಯವಾಗಿ ಹಿಡೀಬಹುದು.’ ಅವನ ಮಾತು ನಿಜ. ಅಸಲಿ ಹಳೆಯ ಗಿಟಾರಿನ ಬೆಲೆ ಅವನ ಕೈಗೆ ಎಟುಕೋದೂ ಇಲ್ಲ.

ಆದರೆ ಗೋಡೆಗೆ ತೂಗುಹಾಕಲು ಒಯ್ಯುವವರಿದ್ದಾರಲ್ಲ, ಅವರನ್ನು ಕೇಳ್ತೀನಿ: ಸ್ವಾಮಿ, ಇದು ಯಾರ ಮೊಳಕೈ ಗುರುತು, ಗೊತ್ತಾ? ನಗ್ತಾರೆ. ಅವರಿಗೆ ಬೆವರು ಬೇಡ, ಬೆವರಿನ ಕಲೆ ಬೇಕು. ಅದಕ್ಕೇ ಈಗೊಂದು ರೂಢಿ ಮಾಡಿಕೊಂಡಿದ್ದೇನೆ. ಕೆಲಸ ಮುಗಿದ ಮೇಲೆ ಹಿಡಿಯನ್ನು ಬಿಚ್ಚಿ, ಅದು ಒಡಲಿಗೆ ಕೂರುವ ಗುಳಿಯೊಳಗೆ ಪೆನ್ಸಿಲಿನಲ್ಲಿ ಬರೆಯುತ್ತೇನೆ: ಇಂಥ ತಿಂಗಳು, ಇಂಥ ಇಸವಿ, ಸವೆಸಿದವನು ಇಂಥವನು. ಮುಂದೆ ಯಾರಾದರೂ ಇದನ್ನು ಅಸಲಿ ಅಂತ ಮಾರಲು ಹೊರಟರೆ, ನಾಲ್ಕು ತಿರುಪು ಬಿಚ್ಚಿ ನೋಡಲಿ.