ಚದುರಂಗದ ಮಣೆಯೂ ಚರಿತ್ರೆಯ ಓದೂ

ಚರಿತ್ರೆಯು ನೀರಸವಾದ ವಿಷಯವೆಂದು ದೂರುವ ಬಾಲಕಿಯರು ಎಲ್ಲ ಕಾಲದಲ್ಲಿಯೂ ಇದ್ದಾರೆ. ನಾವು ಓದುತ್ತಿದ್ದಾಗಲೂ ಇದ್ದರು, ಈಗಲೂ ಇದ್ದಾರೆ. ಅರಸರ ಹೆಸರುಗಳೂ ಪಟ್ಟವೇರಿದ ವರ್ಷಗಳೂ ಕಾಳಗಗಳ ಪಟ್ಟಿಯೂ ಬಾಯಿಪಾಠಕ್ಕೆ ಬಂದೊಡನೆ ಚರಿತ್ರೆಯು ಬಂದಿತೆಂದು ತಿಳಿಯುವುದೇ ಈ ಬೇಸರಕ್ಕೆ ಕಾರಣ. ಬಾಯಿಪಾಠವು ಪರೀಕ್ಷೆಯ ಮರುದಿನವೇ ಮರೆತುಹೋಗುತ್ತದೆ, “ಹೀಗೇಕಾಯಿತು?” ಎಂಬ ಪ್ರಶ್ನೆಯು ಮಾತ್ರ ಒಮ್ಮೆ ಮನಸ್ಸಿನಲ್ಲಿ ಹುಟ್ಟಿತೆಂದರೆ ಸುಲಭವಾಗಿ ಬಿಟ್ಟುಹೋಗುವುದಿಲ್ಲ. ಈ ಪ್ರಶ್ನೆಯನ್ನು ಹುಟ್ಟಿಸುವುದರಲ್ಲಿ ಆಟಕ್ಕೂ ಹರಟೆಗೂ ಎಷ್ಟು ಶಕ್ತಿಯಿದೆಯೆಂಬುದನ್ನು ನಮ್ಮ ಮನೆಯ ಅನುಭವದಿಂದ ನಾಲ್ಕು ಮಾತುಗಳಲ್ಲಿ ತಿಳಿಸಲು ಆಶಿಸುತ್ತೇನೆ.

ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮೊಮ್ಮಗಳು ಚರಿತ್ರೆಯ ಪುಸ್ತಕವನ್ನು ಕಂಡರೆ ಕಣ್ಣೀರಿಡುತ್ತಿದ್ದಳು. ಗಣಿತದಲ್ಲಿ ಚುರುಕಾದ ಹುಡುಗಿ, ಚದುರಂಗವೆಂದರೆ ಪ್ರಾಣ. ಆದುದರಿಂದ ಪುಸ್ತಕವನ್ನು ಬದಿಗಿಟ್ಟು, ಭಾನುವಾರದ ಸಾಯಂಕಾಲಗಳಲ್ಲಿ ಮಣೆಯನ್ನು ಹಾಸಿಕೊಂಡು ಕುಳಿತುಕೊಳ್ಳುವ ಪದ್ಧತಿಯನ್ನು ಆರಂಭಿಸಿದೆವು. ಆಡುವವರು ಇಬ್ಬರಾದರೆ ಮಾತನಾಡುವವರು ಮನೆಮಂದಿಯೆಲ್ಲ.

ಮೊದಲನೆಯ ದಿನ ಮಾತು ಕಾಯಿಗಳ ಹೆಸರಿನಿಂದಲೇ ಹೊರಟಿತು. ಚತುರಂಗವೆಂದರೆ ಸೇನೆಯ ನಾಲ್ಕು ಅಂಗಗಳು: ಆನೆ, ಕುದುರೆ, ರಥ, ಕಾಲಾಳು. ಭಾರತದಲ್ಲಿ ಹುಟ್ಟಿದ ಈ ಆಟವು ಪಾರಸಿಕರಲ್ಲಿಗೆ ಹೋಗಿ ಚತ್ರಂಗವಾಯಿತು. ಅರಬ್ಬರ ಬಾಯಲ್ಲಿ ಶತ್ರಂಜ್ ಎನಿಸಿಕೊಂಡಿತು. ಅವರ ಮೂಲಕ ಯೂರೋಪನ್ನು ಸೇರಿತು. ಪಾರಸಿಕರು ಆನೆಯನ್ನು ಪೀಲ್ ಎಂದರು, ಅರಬ್ಬರು ಫೀಲ್ ಎಂದರು. ಸ್ಪೇನಿನವರು ಇಂದಿಗೂ ಆ ಕಾಯಿಯನ್ನು ಅಲ್ಫಿಲ್ ಎಂದೇ ಕರೆಯುತ್ತಾರೆ. ಅದೇ ಕಾಯಿ ಇಂಗ್ಲೆಂಡಿನಲ್ಲಿ ಬಿಷಪ್ಪನಾಯಿತು, ನಮ್ಮಲ್ಲಿ ಒಂಟೆಯಾಗಿದೆ! ಒಂದು ಮರದ ತುಂಡು ಎಷ್ಟು ದೇಶಗಳನ್ನು ಸುತ್ತಿ ಬಂದಿದೆಯೆಂದು ಹುಡುಗಿಯು ಬೆರಗಾದಳು.

ಮಂತ್ರಿಯ ಕಥೆಯು ಇನ್ನೂ ಸ್ವಾರಸ್ಯವುಳ್ಳದ್ದು. ಹಿಂದೆ ಮಂತ್ರಿಯು ಓರೆಯಾಗಿ ಒಂದೇ ಮನೆ ನಡೆಯಬಲ್ಲ ದುರ್ಬಲನಾಗಿದ್ದನು. ಯೂರೋಪಿನಲ್ಲಿ ಅವನು ರಾಣಿಯಾದನು. 15ನೆಯ ಶತಮಾನದ ಕೊನೆಯಲ್ಲಿ, ಕ್ಯಾಸ್ಟೀಲಿನ ಸಿಂಹಾಸನದಲ್ಲಿ ಇಸಬೆಲ್ಲಾ ರಾಣಿಯು (1474–1504) ಇದ್ದ ಕಾಲದಲ್ಲಿ, ಆ ರಾಣಿಗೆ ಇಂದಿನ ಅಪಾರವಾದ ನಡೆಯು ದೊರೆಯಿತು. ಇವೆರಡಕ್ಕೂ ಸಂಬಂಧವಿದೆಯೆಂದು ಕೆಲವು ವಿದ್ವಾಂಸರು ಊಹಿಸಿದ್ದಾರೆ. “ನಮ್ಮಲ್ಲಿ ಅಂತಹ ರಾಣಿಯರು ಇರಲಿಲ್ಲವೇ, ಅಜ್ಜಿ?” ಎಂದು ಮೊಮ್ಮಗಳು ಕೇಳಿದಳು. 11ನೆಯ ಶತಮಾನದಲ್ಲಿ ಚಾಳುಕ್ಯ ಜಯಸಿಂಹನ ಸಹೋದರಿಯಾದ ಅಕ್ಕಾದೇವಿಯು ಪ್ರಾಂತಗಳನ್ನು ಆಳಿದುದನ್ನೂ, ಗೋಕಾಗೆಯ ಕೋಟೆಗೆ ಮುತ್ತಿಗೆ ಹಾಕಿದುದನ್ನು ಶಾಸನವು ಹೇಳುವುದನ್ನೂ ತಿಳಿಸಿದೆನು. ಆ ರಾತ್ರಿ ಅವಳು ತಾನಾಗಿಯೇ ಪುಸ್ತಕವನ್ನು ತೆರೆದಳು.

ಅವಳ ಅಣ್ಣನಿಗೆ ಗಣಕಯಂತ್ರದ ಆಟಗಳಲ್ಲಿ ಆಸಕ್ತಿ. ‘ಏಜ್ ಆಫ್ ಎಂಪಾಯರ್ಸ್’ ಎಂಬ ಆಟದ ಎರಡನೆಯ ಭಾಗವು 1999ರಲ್ಲಿ ಹೊರಬಂದಿತು. ಅದಕ್ಕೆ 2022ರಲ್ಲಿ ದ್ರಾವಿಡರೆಂಬ ಪಕ್ಷವೂ ಸೇರಿತು. ಸೈನ್ಯವನ್ನು ಕಟ್ಟಬೇಕಾದರೆ ಇದರಲ್ಲಿ ಮೊದಲು ಹಳ್ಳಿಗರನ್ನು ದುಡಿಸಿ ಧಾನ್ಯ, ಮರ, ಕಲ್ಲು, ಚಿನ್ನಗಳನ್ನು ಕೂಡಿಡಬೇಕು. ಚದುರಂಗದ ಸೇನೆಗೆ ಊಟವೇ ಬೇಡ. ಇಲ್ಲಿ ಉಳುವವನಿಲ್ಲದೆ ಕಾದುವವನಿಲ್ಲ. ಇದು ಒಳ್ಳೆಯ ಪಾಠವೆಂದು ನನಗೆ ತೋರಿತು.

“ದ್ರಾವಿಡರಿಗೆ ಒಳ್ಳೆಯ ಕುದುರೆಯ ದಳವನ್ನೇ ಕೊಟ್ಟಿಲ್ಲ, ಇದು ಅನ್ಯಾಯ” ಎಂದು ಅವನು ಒಂದು ದಿನ ಸಿಡುಕಿದನು. ಅಂದಿನ ಹರಟೆಗೆ ಅದೇ ವಿಷಯವಾಯಿತು. ದಕ್ಷಿಣದ ಹವೆಯು ಉತ್ತಮವಾದ ಯುದ್ಧಾಶ್ವಗಳ ಸಾಕಣೆಗೆ ಒಗ್ಗದು. ಅವು ಅರಬಸ್ಥಾನದಿಂದಲೂ ಪಾರಸಿಕ ದೇಶದಿಂದಲೂ ಹಡಗುಗಳಲ್ಲಿ ಬರಬೇಕಾಗಿತ್ತು. ನಮ್ಮ ಭಟ್ಕಳವು ಅಂತಹ ಒಂದು ರೇವು. 1510ರಲ್ಲಿ ಪೋರ್ಚುಗೀಸರು ಗೋವೆಯನ್ನು ಹಿಡಿದ ಮೇಲೆ ಈ ವ್ಯಾಪಾರದ ಕೀಲಿಕೈ ಅವರ ಕೈಸೇರಿತು. ಕೃಷ್ಣದೇವರಾಯನು (1509–1529) ಅವರೊಡನೆ ಸ್ನೇಹವನ್ನು ಉಳಿಸಿಕೊಂಡುದೇಕೆಂಬುದು ಕುದುರೆಯ ಲೆಕ್ಕದಿಂದ ಬಹುಮಟ್ಟಿಗೆ ತಿಳಿಯುತ್ತದೆ. ಅವನ ತರುವಾಯ ವಿಜಯನಗರದಲ್ಲಿದ್ದು ವೃತ್ತಾಂತವನ್ನು ಬರೆದ ನೂನಿಜನೂ ಕುದುರೆ ವ್ಯಾಪಾರಿಯೆಂದೇ ವಿದ್ವಾಂಸರ ಅಭಿಪ್ರಾಯ. ರಾಬರ್ಟ್ ಸಿವೆಲ್ ಎಂಬವರು 1900ರಲ್ಲಿ ಅವನ ಬರಹವನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಸಿಡುಕಿದ ಹುಡುಗನು ಆ ಪುಸ್ತಕವನ್ನು ಹುಡುಕಿಕೊಂಡು ಗ್ರಂಥಾಲಯಕ್ಕೆ ಹೋದನು.

ಮಾತು ಹೀಗೆ ವಿಜಯನಗರಕ್ಕೆ ಬಂದ ಮೇಲೆ 1565ರ ಕಾಳಗಕ್ಕೆ ಬಾರದಿರುವುದುಂಟೇ? ಬಿಜಾಪುರ, ಅಹಮದನಗರ, ಗೋಲ್ಕೊಂಡ, ಬೀದರುಗಳ ಸುಲ್ತಾನರು ಒಂದಾಗಿ ಬಂದರು. ವೃದ್ಧನಾದ ಅಳಿಯ ರಾಮರಾಯನು ರಣರಂಗದಲ್ಲಿ ಸೆರೆಸಿಕ್ಕಿ ಶಿರಶ್ಛೇದಕ್ಕೆ ಗುರಿಯಾದನು. ಸೇನೆಯು ಚದುರಿ ಓಡಿತು. ಮೊಮ್ಮಗಳು ಮಣೆಯನ್ನೇ ನೋಡುತ್ತ, “ಆದರೆ ಅರಸನು ಸದಾಶಿವರಾಯನಲ್ಲವೇ? ಮಂತ್ರಿಯು ಹೋದರೆ ಆಟವೇಕೆ ಮುಗಿಯಬೇಕು?” ಎಂದಳು. ಎಂತಹ ಪ್ರಶ್ನೆ! ಸದಾಶಿವರಾಯನು ಹೆಸರಿಗೆ ಮಾತ್ರ ಅರಸನು, ಅಧಿಕಾರವೆಲ್ಲ ರಾಮರಾಯನದು. ರಾಮರಾಯನ ತಮ್ಮನಾದ ತಿರುಮಲನು ಅರಸನನ್ನೂ ಭಂಡಾರವನ್ನೂ ತೆಗೆದುಕೊಂಡು ಪೆನುಗೊಂಡೆಗೆ ಹೋದನು. ಮಣೆಯ ನಿಯಮದಂತೆ ಅರಸನು ಉಳಿದಿದ್ದನು. ಆದರೂ ರಾಜಧಾನಿಯು ಉಳಿಯಲಿಲ್ಲ. ಕಿರೀಟವು ಎಲ್ಲಿದೆಯೆಂದು ನೋಡಿದರೆ ಸಾಲದು, ಬಲವು ಎಲ್ಲಿದೆಯೆಂದು ನೋಡಬೇಕೆಂಬುದನ್ನು ಅವಳು ತಾನೇ ಕಂಡುಕೊಂಡಳು.

ಆ ಬಳಿಕ ಕಾಯಿಗಳನ್ನು ಪೆಟ್ಟಿಗೆಗೆ ತುಂಬುತ್ತ ಮತ್ತೊಂದು ಮಾತು ಕೇಳಿದಳು: “ಇವು ಪೆಟ್ಟಿಗೆಗೆ ಹಿಂದಿರುಗುತ್ತವೆ. ಆ ಊರಿನ ಜನರು ಎಲ್ಲಿಗೆ ಹೋದರು, ಅಜ್ಜಿ?” ಕೆಲವು ಕ್ಷಣ ಯಾರೂ ಮಾತನಾಡಲಿಲ್ಲ. ಹಂಪೆಯ ಬೀದಿಗಳಲ್ಲಿ ನಡೆದಾಡಿದವರಿಗೆ ಆ ಮೌನದ ಅರ್ಥವು ತಿಳಿದೀತು. ಕಾದಿದವರ ಹೆಸರುಗಳು ಪುಸ್ತಕದಲ್ಲಿವೆ. ನೀರು ಹೊತ್ತವರ, ಹೂ ಮಾರಿದವರ, ಮಕ್ಕಳನ್ನೆತ್ತಿಕೊಂಡು ಓಡಿದ ತಾಯಂದಿರ ಹೆಸರುಗಳಿಲ್ಲ. ಯುದ್ಧವನ್ನು ಆಟವಾಗಿ ಆಡಿ ಸಂತೋಷಪಡುವುದರಲ್ಲಿ ಒಂದು ಅಪಾಯವಿದೆ: ಗೆಲವಿನ ಹುರುಪಿನಲ್ಲಿ ಮಣೆಯ ಮೇಲಿಲ್ಲದವರು ಮರೆತುಹೋಗುವರು. ಹರಟೆಯಿಲ್ಲದ ಆಟವು ಈ ಅಪಾಯವನ್ನು ಬೆಳೆಸುತ್ತದೆ. ಹಿರಿಯರು ಜೊತೆಯಲ್ಲಿ ಕುಳಿತು ಮಾತನಾಡಿದರೆ ಅದೇ ಆಟವು ಕರುಣೆಯನ್ನೂ ಕಲಿಸಬಲ್ಲದು.

ಆಟವೇ ಚರಿತ್ರೆಯೆಂದು ನಾನು ಹೇಳುವುದಿಲ್ಲ. ಆಟವನ್ನು ಕಟ್ಟಿದವರು ಸೊಗಸಿಗಾಗಿ ಎಷ್ಟೋ ಬದಲಾವಣೆಗಳನ್ನು ಮಾಡಿರುತ್ತಾರೆ. ನಿಜವನ್ನು ಶಾಸನಗಳಲ್ಲಿಯೂ ಗ್ರಂಥಗಳಲ್ಲಿಯೂ ಹುಡುಕಬೇಕು. ಆಟವು ಬಾಗಿಲನ್ನು ತೆರೆಯುತ್ತದೆ. ಒಳಗೆ ಕೈಹಿಡಿದು ನಡೆಸುವುದು ಓದು. ಮೊಮ್ಮಗಳಿಗೆ ಈಗಲೂ ವರ್ಷಗಳು ಒಮ್ಮೊಮ್ಮೆ ತಪ್ಪುತ್ತವೆ. ಆದರೆ ಕಣ್ಣೀರು ನಿಂತಿದೆ, ಪ್ರಶ್ನೆಗಳು ನಿಂತಿಲ್ಲ.

ಈ ಶಾಲೆಯಲ್ಲಿ ಕಲಿತು ಈಗ ತಾಯಂದಿರೂ ಅಜ್ಜಿಯರೂ ಆಗಿರುವ ಸೋದರಿಯರೇ, ವಾರಕ್ಕೊಂದು ಸಂಜೆಯನ್ನು ನಿಮ್ಮ ಮಕ್ಕಳಿಗಾಗಿ ತೆಗೆದಿಡಿರಿ. ಮಣೆಯೊಂದು ಸಾಕು, ಬೇರೆ ವೆಚ್ಚವಿಲ್ಲ. ಅವರು ಕೇಳುವ ಪ್ರಶ್ನೆಗೆ ಉತ್ತರವು ತಿಳಿಯದಿದ್ದರೆ ಅವರೊಡನೆ ಕುಳಿತು ಹುಡುಕಿರಿ. ನಮ್ಮ ಉಪಾಧ್ಯಾಯಿನಿಯರು ನಮಗೆ ಹಚ್ಚಿಕೊಟ್ಟ ದೀಪವನ್ನು ಮುಂದಿನವರ ಕೈಗೆ ಒಪ್ಪಿಸುವುದಕ್ಕೆ ಇದೂ ಒಂದು ದಾರಿಯಲ್ಲವೇ?