ಹೆಸರಿಗೊಂದು ಅಳತೆಗೋಲು

ಅಳತೆಯ ವಿಷಯದಲ್ಲಿ ಮನುಷ್ಯನು ಬಹು ಜಾಗರೂಕ. ಹಾಲಿಗೆ ಲೀಟರು, ಬಟ್ಟೆಗೆ ಮೀಟರು, ಹೂವಿಗೆ ಮೊಳ, ಮರಳಿಗೆ ಬಾಂಡ್ಲಿ ಎಂದು ಬೇರೆ ಬೇರೆ ಮಾನಗಳನ್ನು ಇಟ್ಟುಕೊಂಡಿದ್ದಾನೆ. ಹಾಲನ್ನು ಮೊಳದಲ್ಲಿ ಅಳೆಯುವವನನ್ನು ಕಂಡರೆ ನಾವೆಲ್ಲ ನಗುತ್ತೇವೆ. ಆದರೆ ಕನ್ನಡದ ಹೆಸರನ್ನು ಇಂಗ್ಲಿಷಿನ ಅಳತೆಗೋಲಿನಿಂದ ಅಳೆಯುವ ಯಂತ್ರಗಳು ನಮ್ಮ ನಡುವೆ ಇವೆ; ಅವನ್ನು ಕಂಡು ನಗುವವರು ಕಡಮೆ. ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ ಓದುವ ಬಿ.ಎ. ವಿದ್ಯಾರ್ಥಿಗೆ ಯಂತ್ರಗಳ ಮಾತೇಕೆಂದು ವಾಚಕರು ಕೇಳಬಹುದು. ಆ ಮಾತನ್ನಾಡುವ ಅಧಿಕಾರ ನನಗೆ ಬಂದುದು ಹೀಗೆ.

ನಮ್ಮ ತಂದೆ ಗಾರೆ ಕೆಲಸದ ಮೇಸ್ತ್ರಿ. ನಾಲ್ಕನೆಯ ತರಗತಿಗೆ ಅವರ ಓದು ನಿಂತಿತು. ಕನ್ನಡವನ್ನು ಸಾಲಿನ ಮೇಲೆ ಬೆರಳಿಟ್ಟು ನಿಧಾನವಾಗಿ ಓದುತ್ತಾರೆ. ಅವರ ಜೊತೆಗೆ ಹದಿನಾಲ್ಕು ಮಂದಿ ಕೆಲಸಗಾರರು. ಕೆಲಸ ಇಂದು ರಾಜಾಜಿನಗರದಲ್ಲಾದರೆ ನಾಳೆ ಕೆಂಗೇರಿಯಲ್ಲಿ. ಯಾರು ಎಲ್ಲಿಗೆ ಹೋಗಬೇಕು, ಯಾರಿಗೆ ಎಷ್ಟು ಕೂಲಿ ಬಾಕಿ, ಯಾರು ಎಷ್ಟು ಮುಂಗಡ ಪಡೆದಿದ್ದಾರೆ ಎಂಬುದೆಲ್ಲ ಒಂದು ನೋಟುಬುಕ್ಕಿನಲ್ಲಿ ಅಡಗಿತ್ತು. ಅದನ್ನು ವಾಟ್ಸಾಪ್ ಗುಂಪಿಗೆ ಹಾಕಿದರೆ ಒಬ್ಬನ ಸಾಲ ಉಳಿದ ಹದಿಮೂರು ಮಂದಿಗೆ ಜಾಹೀರಾಗುತ್ತದೆ. "ಮನೇಲಿ ಓದಿದೋನು ನೀನೊಬ್ಬನೇ. ಏನಾದ್ರೂ ದಾರಿ ನೋಡಪ್ಪ" ಎಂದರು ತಂದೆ. ವಂಶಕ್ಕೆ ಮೊದಲ ಪದವೀಧರನಾಗಲಿರುವವನಿಗೆ ಇಂಥ ಮಾತು ಪರೀಕ್ಷೆಯ ಪ್ರಶ್ನೆಪತ್ರಿಕೆಗಿಂತ ಕಠಿಣ.

ಒಂದು ವರ್ಷದ ಬಾಡಿಗೆಗೆ ವೆಬ್ ಹೋಸ್ಟಿಂಗ್ ಖಾತೆಯೊಂದನ್ನು ಹಿಡಿದೆ. ಬೆಂಗಳೂರಿನ ಹಳೆಯ ವಠಾರಗಳನ್ನು ಬಲ್ಲವರಿಗೆ ಇದನ್ನು ವಿವರಿಸುವುದು ಸುಲಭ. ಎಲ್ಲಿಯೋ ದೂರದಲ್ಲಿರುವ ಸರ್ವರ್ ಎಂಬ ಒಂದೇ ಯಂತ್ರದಲ್ಲಿ ಅನೇಕ ಬಾಡಿಗೆದಾರರು. ಎಲ್ಲರಿಗೂ ನಲ್ಲಿ ಒಂದೇ. ಪಕ್ಕದವರು ನೀರು ಹೆಚ್ಚು ಹಿಡಿದರೆ ನಮ್ಮ ಬಿಂದಿಗೆ ತುಂಬುವುದು ತಡ. ಆದ್ದರಿಂದ ಕೆಲವು ಕಟ್ಟಳೆಗಳುಂಟು. ಪಿಎಚ್‌ಪಿ ಭಾಷೆಯಲ್ಲಿ ಬರೆದ ಪ್ರೋಗ್ರಾಂ ಸಾಮಾನ್ಯವಾಗಿ 30 ಸೆಕೆಂಡುಗಳೊಳಗೆ ಮುಗಿಯದಿದ್ದರೆ ಅದನ್ನು ನಿಲ್ಲಿಸಿಬಿಡಲಾಗುತ್ತದೆ.

ಈ ವಠಾರದ ನಮ್ಮ ಕೋಣೆಯಲ್ಲಿ ಸಾಧಾರಣ ಪುಟವನ್ನಿಟ್ಟರೆ ಬಂದವರಿಗೆಲ್ಲ ಅದೇ ಪುಟ ಹೋಗುತ್ತದೆ. ಪಿಎಚ್‌ಪಿ ಕಡತವನ್ನಿಟ್ಟರೆ ಸರ್ವರ್ ಅದನ್ನು ಹೊರಗೆ ಕಳಿಸದೆ ತಾನೇ ಓದಿ, ಅದರ ಆಣತಿಯಂತೆ ಲೆಕ್ಕವನ್ನು ಹುಡುಕಿ, ಕೇಳಿದವರಿಗೆ ಬೇಕಾದ ಪುಟವನ್ನು ಆಗಲೇ ಸಿದ್ಧಪಡಿಸಿ ಕಳಿಸುತ್ತದೆ. ದರ್ಶಿನಿಯಲ್ಲಿ ಟೋಕನ್ ಕೊಟ್ಟವನಿಗೆ ದೋಸೆ ಬರುತ್ತದೆಯೇ ಹೊರತು ಅಡಿಗೆಮನೆ ಬರುವುದಿಲ್ಲ. ಹಾಗೆಯೇ ಒಬ್ಬೊಬ್ಬ ಕೆಲಸಗಾರನೂ ತನ್ನ ಗುಟ್ಟಿನ ಸಂಖ್ಯೆಯನ್ನು ಒತ್ತಿದರೆ ಅವನ ಲೆಕ್ಕ ಮಾತ್ರ ಕಾಣುತ್ತದೆ. ಶ್ರಮವೆಲ್ಲ ಸರ್ವರಿನದಾದ್ದರಿಂದ ಹಳೆಯ ಫೋನಾದರೂ ಸಾಕು.

ಯಾರೋ ಪುಣ್ಯಾತ್ಮರು ಪುಕ್ಕಟೆಯಾಗಿ ಹಂಚಿದ್ದ ಹಾಜರಿ ಪ್ರೋಗ್ರಾಂ ಒಂದನ್ನು ತಂದು ಅಲ್ಲಿ ಹೂಡಿದೆ. ತಂದೆ ಹೇಳಿದಂತೆ ಬಡಾವಣೆಗಳ ಹೆಸರನ್ನು ಕನ್ನಡದಲ್ಲಿ ತುಂಬಿದೆ. ಮಾರನೆಯ ಬೆಳಿಗ್ಗೆ ಒಬ್ಬ ಕೆಲಸಗಾರನ ಫೋನು ಬಂತು: "ಮೇಸ್ತ್ರಿ, ಬಸವೇಶ್ ಅನ್ನೋರ ಮನೆ ಅಂದ್ರೆ ಹೋದ್ವರ್ಷ ಕೆಂಗೇರೀಲಿ ಮಾಡಿದ್ವಲ್ಲ, ಅದೇ ತಾನೆ? ಬಾಗಿಲಲ್ಲೇ ನಿಂತಿದೀನಿ." ಅವನಿರಬೇಕಾಗಿದ್ದುದು ಬಸವೇಶ್ವರನಗರದಲ್ಲಿ! ಅರ್ಧ ದಿನದ ಕೂಲಿ ಹಾಳಾಯಿತು. ತಂದೆ ಅದನ್ನು ತಮ್ಮ ಕೈಯಿಂದಲೇ ಕೊಟ್ಟರು. ನನಗೆ ಏನೂ ಅನ್ನಲಿಲ್ಲ.

ಪುಟವನ್ನು ತೆರೆದು ನೋಡಿದೆ. ಬಸವೇಶ್ವರನಗರವು "ಬಸವೇಶ್" ಎಂಬಲ್ಲಿಗೆ ನಿಂತಿತ್ತು. ಅದರ ಬಾಲಕ್ಕೆ ಇಸ್ಪೀಟಿನ ಡೈಮನ್ನಿನಂಥ ಕಪ್ಪು ಗುರುತು, ಒಳಗೊಂದು ಪ್ರಶ್ನಾರ್ಥಕ ಚಿಹ್ನೆ. ವಿಜಯನಗರ "ವಿಜಯನಗ" ಆಗಿತ್ತು. ಕೆಂಗೇರಿ ಗುಡಿಸನ್ನು ಕಳೆದುಕೊಂಡು "ಕೆಂಗೇರ" ಆಗಿತ್ತು. ರಾಜಾಜಿನಗರದಲ್ಲಿ ನಗರವೇ ಹೋಗಿ ರಾಜಾಜಿಯವರು ಮಾತ್ರ ಉಳಿದಿದ್ದರು.

ಪ್ರೋಗ್ರಾಮಿನ ಒಳಹೊಕ್ಕಾಗ ಕಾರಣ ಸಿಕ್ಕಿತು. ಅದು ಪ್ರತಿಯೊಂದು ಹೆಸರನ್ನೂ "ಸಬ್‌ಸ್ಟ್ರ್" ಎಂಬ ಆಣತಿಯಿಂದ 20ಕ್ಕೆ ಕತ್ತರಿಸುತ್ತಿತ್ತು. ಆ ಆಣತಿ ಎಣಿಸುವುದು ಅಕ್ಷರಗಳನ್ನಲ್ಲ, ಬೈಟುಗಳನ್ನು. ಇಂದು ಬಹುತೇಕ ಎಲ್ಲೆಡೆ ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು. ಕನ್ನಡದ ಒಂದೊಂದು ಸಂಕೇತಕ್ಕೂ ಮೂರು. ಗುಡಿಸು, ಕೊಂಬು, ಒತ್ತಕ್ಷರವನ್ನು ಕೂಡಿಸುವ ಗುರುತು, ಇವೂ ಬೇರೆ ಬೇರೆ ಸಂಕೇತಗಳೇ. "ಕನ್ನಡ" ಎಂಬುದು ನಮ್ಮ ಕಣ್ಣಿಗೆ ಮೂರು ಅಕ್ಷರ, ಯೂನಿಕೋಡಿಗೆ ಐದು ಸಂಕೇತ, ಸರ್ವರಿಗೆ 15 ಬೈಟು. ಬಸವೇಶ್ವರನಗರವು ಇಂಗ್ಲಿಷ್ ಲಿಪಿಯಲ್ಲಿ 17 ಬೈಟುಗಳೊಳಗೆ ಸುಖವಾಗಿ ಕೂರುತ್ತದೆ. ತನ್ನ ಸ್ವಂತ ಲಿಪಿಯಲ್ಲಿ 33 ಬೇಡುತ್ತದೆ. ಇಪ್ಪತ್ತು ಸಾಕೆಂದು ನಿಶ್ಚಯಿಸಿದವರ ಮನಸ್ಸಿನಲ್ಲಿ ದ್ವೇಷವೇನೂ ಇರಲಾರದು. ಅವರ ಲೋಕದಲ್ಲಿ ಬಸವೇಶ್ವರನಗರವಿರಲಿಲ್ಲ, ಅಷ್ಟೆ.

ಪಿಎಚ್‌ಪಿಯನ್ನು ರಾಸ್ಮಸ್ ಲೆರ್ಡಾರ್ಫ್ ಎಂಬವರು 1994ರಲ್ಲಿ ತಮ್ಮ ಸ್ವಂತ ಪುಟಕ್ಕಾಗಿ ರಚಿಸಿ 1995ರಲ್ಲಿ ಲೋಕಕ್ಕೆ ಹಂಚಿದರು. ಆ ವೇಳೆಗಾಗಲೇ, 1991ರಲ್ಲಿಯೇ, ಕನ್ನಡವು ಯೂನಿಕೋಡಿನಲ್ಲಿ ಸ್ಥಾನ ಪಡೆದಿತ್ತು. ಭಾಷೆಯ ಒಡಲಿಗೇ ಯೂನಿಕೋಡನ್ನು ಕೂಡಿಸಲು ಹೊರಟ ಆರನೆಯ ಆವೃತ್ತಿಯ ಕೆಲಸವನ್ನು 2010ರಲ್ಲಿ ಕೈಬಿಟ್ಟರು. ಐದರ ನಂತರ 2015ರಲ್ಲಿ ಬಂದುದು ಏಳನೆಯದು. ಹಾಗೆಂದು ಭಾಷೆಯನ್ನೇ ದೂರುವಂತಿಲ್ಲ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ನಿಂತಿರುವ ಮೀಡಿಯಾವಿಕಿಯೂ ಪಿಎಚ್‌ಪಿಯಲ್ಲಿ ಬರೆದದ್ದೇ. ಉಪಕರಣ ಒಂದೇ, ಅಳೆಯುವ ಕೈ ಬೇರೆ.

ಬೈಟಿನ ಬದಲು ಸಂಕೇತಗಳನ್ನು ಎಣಿಸುವ "ಎಂಬಿ ಸಬ್‌ಸ್ಟ್ರ್" ಎಂಬ ಆಣತಿಯೊಂದುಂಟು. ಅದರಿಂದ ಬಸವೇಶ್ವರನಗರವನ್ನು ಪರೀಕ್ಷೆಗಾಗಿ ಆರಕ್ಕೆ ಕತ್ತರಿಸಿ ನೋಡಿದೆ. ಮತ್ತೆ "ಬಸವೇಶ್" ಬಂತು, ಈ ಸಲ ಕಪ್ಪು ಗುರುತೂ ಇಲ್ಲದೆ! ಮುರಿದದ್ದು ಮುರಿದಂತೆ ಕಾಣದಿದ್ದರೆ ಅಪಾಯ ಹೆಚ್ಚು. ಕೊನೆಗೆ ಕತ್ತರಿಸುವ ಆಣತಿಯನ್ನೇ ಕಿತ್ತುಹಾಕಿ, ಹೆಸರು ಉದ್ದವಾದರೆ ಎರಡನೆಯ ಸಾಲಿಗೆ ಇಳಿಯುವಂತೆ ಮಾಡಿದೆ. ಪುಟದ ಅಂದ ಸ್ವಲ್ಪ ಕೆಟ್ಟಿತು. ತಂದೆ ಫೋನಿನ ಮೇಲೆ ಬೆರಳಿಟ್ಟು ಬಸವೇಶ್ವರನಗರವನ್ನು ತುದಿಯವರೆಗೆ ಓದಿ, "ಈಗ ಸರಿ" ಎಂದರು.

ಸಹಪಾಠಿ ಮಿತ್ರರೇ, ನಮ್ಮಲ್ಲಿ ಅನೇಕರು ನಾಳೆ ಗುಮಾಸ್ತರಾಗಿಯೋ ಉಪಾಧ್ಯಾಯರಾಗಿಯೋ ಮೇಜಿನ ಆಚೆ ಬದಿಗೆ ಕೂರುವವರು. ಅರ್ಜಿಯ ನಮೂನೆಯಲ್ಲಿ ಹೆಸರಿಗೆ ಎಷ್ಟು ಜಾಗ ಬಿಡಬೇಕೆಂದು ಹೇಳುವ ಸರದಿ ಆಗ ನಮ್ಮದು. ಆ ದಿನ ಬಂದಾಗ ನಮ್ಮ ಬೀದಿಯ ಅತಿ ಉದ್ದದ ಹೆಸರನ್ನು ಮೊದಲು ಕನ್ನಡದಲ್ಲಿ ಬರೆದು ನೋಡೋಣ. ಅದು ಹಿಡಿಸಿದ ಮೇಲೆ ಗೆರೆ ಎಳೆಯೋಣ.